ಉಗುರಿನ ಮೇಲಿನ ಹೊಳಪೂ ವುಝೂವಿನ ನೀರೂ

ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋದವರಿಗೆ ಅಲ್ಲಿ ದುಡಿಯುವ ಹೆಣ್ಣುಮಕ್ಕಳ ಕೈಗಳು ನೆನಪಿರಬಹುದು. ಬೆಳಗಿನಿಂದ ಸಂಜೆಯ ತನಕ ಕಾಯಿಯ ತುಂಬು ಬಿಡಿಸುವ ಕೆಲಸ. ಬೆರಳ ತುದಿ ಉರಿಯುತ್ತದೆ. ಉಗುರಿನ ಸಂದಿಯಲ್ಲಿ ಕೆಂಪು ಕುಳಿತುಬಿಡುತ್ತದೆ. ಸೋಪು ಹಚ್ಚಿ ಎಷ್ಟು ತಿಕ್ಕಿದರೂ ಅದು ಒಂದೇ ದಿನಕ್ಕೆ ಹೋಗುವುದಿಲ್ಲ. ಅಂತಹ ಕೆಲಸ ಮುಗಿಸಿ ನಮ್ಮ ವಾರದ ಮಹಿಳಾ ತರಗತಿಗೆ ಬಂದ ಒಬ್ಬ ತಾಯಿ ಕೈ ಮುಂದೆ ಚಾಚಿ ಕೇಳಿದರು: "ಆಪಾ, ಈ ಕೆಂಪು ಹೋಗೂದಿಲ್ಲ. ಇದರ ಮ್ಯಾಲ ವುಝೂ ಆಗ್ತೈತೇನ್ರೀ?"

ಅವರ ಪಕ್ಕದಲ್ಲಿ ರಾಣೇಬೆನ್ನೂರಿನ ಕಾಲೇಜಿಗೆ ಹೋಗುವ ಮಗಳು ಕುಳಿತಿದ್ದಳು. ಅವಳ ಎರಡೂ ಕೈಗಳು ದುಪಟ್ಟಾದೊಳಗೆ ಅಡಗಿದ್ದವು. ಪುಸ್ತಕದ ಪುಟ ತಿರುವಲು ಕೈ ಹೊರಗೆ ತೆಗೆದಾಗ ಹತ್ತೂ ಉಗುರುಗಳ ಮೇಲೆ ಚಿನ್ನದ ಬಣ್ಣದ ಹಾಳೆ ಫಳಫಳ ಹೊಳೆಯುತ್ತಿತ್ತು. ಯಾರಿಗೆ ಪ್ರಶ್ನೆ ಕೇಳುವ ಅಗತ್ಯವಿರಲಿಲ್ಲವೋ ಅವರು ಕೇಳಿದ್ದರು. ಕೇಳಬೇಕಾಗಿದ್ದವಳು ಸುಮ್ಮನಿದ್ದಳು. ಎಲ್ಲರೆದುರು ಅವಳ ಕೈ ಹಿಡಿದು ತೋರಿಸುವುದು ನನಗೆ ಸರಿಕಾಣಲಿಲ್ಲ. ಆ ದಿನ ತಾಯಿಗೆ ಮಾತ್ರ ಉತ್ತರ ಹೇಳಿದೆ. ಆ ಎರಡು ಜೊತೆ ಕೈಗಳ ನಡುವಿನ ವ್ಯತ್ಯಾಸವೇನೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಈ ಹಾಳೆಗೆ ಅಂಗಡಿಯವರು ನೇಲ್ ಫಾಯಿಲ್ ಅಥವಾ ಟ್ರಾನ್ಸ್‌ಫರ್ ಫಾಯಿಲ್ ಎನ್ನುತ್ತಾರೆ. ಹಿರಿಯ ಸಹೋದರಿಯರಿಗೆ ಇದು ಹೊಸದೆನಿಸಬಹುದು. ಆದರೆ ಇದರ ವಂಶ ಹಳೆಯದು. ಮದುವೆಯ ಕಾರ್ಡಿನ ಮೇಲೆ, ಪುಸ್ತಕದ ರಟ್ಟಿನ ಮೇಲೆ ಚಿನ್ನದ ಅಕ್ಷರ ಒತ್ತುತ್ತಾರಲ್ಲ, ಆ ಹಾಳೆಯ ಜಾತಿಯೇ ಇದು. ಅಲ್ಲಿ ಬಿಸಿ ಅಚ್ಚಿನಿಂದ ಒತ್ತುತ್ತಾರೆ, ಇಲ್ಲಿ ಅಂಟಿನಿಂದ ಹಿಡಿಸುತ್ತಾರೆ. ಮೊದಲು ಉಗುರಿಗೆ ಸಾದಾ ನೇಲ್ ಪಾಲಿಶ್ ಹಚ್ಚಿ ಒಣಗಿಸುತ್ತಾರೆ. ಅದರ ಮೇಲೆ ಹಾಲಿನಂತಹ ಬಿಳಿ ಅಂಟನ್ನು ತೆಳ್ಳಗೆ ಸವರುತ್ತಾರೆ. ಕೆಲವು ನಿಮಿಷಗಳಲ್ಲಿ ಅಂಟು ನೀರಿನಂತೆ ತಿಳಿಯಾಗುತ್ತದೆ, ಮುಟ್ಟಿದರೆ ಮಾತ್ರ ಜಿಗುಟು. ಆಗ ಹಾಳೆಯ ಹೊಳೆಯುವ ಮುಖವನ್ನು ಮೇಲೆ ಮಾಡಿ ಉಗುರಿಗೆ ಒತ್ತಿ, ಹತ್ತಿಯ ಕಡ್ಡಿಯಿಂದ ಮೂಲೆಮೂಲೆ ತಿಕ್ಕಿ, ಫಕ್ಕನೆ ಎಳೆದುಬಿಡುತ್ತಾರೆ. ಪ್ಲಾಸ್ಟಿಕ್ಕಿನ ಪಟ್ಟಿ ಕೈಗೆ ಬರುತ್ತದೆ, ಹೊಳಪು ಉಗುರಿನ ಮೇಲೆ ಉಳಿಯುತ್ತದೆ. ಕೊನೆಗೆ ಅದು ಉದುರದಂತೆ ಮೇಲೊಂದು ಪಾರದರ್ಶಕ ಲೇಪ. ಬ್ಯೂಟಿ ಪಾರ್ಲರುಗಳಲ್ಲಿ ಈಗ ಅಂಟಿನ ಬದಲು ಜೆಲ್ ಹಚ್ಚಿ ನೇರಳೆ ಬೆಳಕಿನ ಯಂತ್ರದೊಳಗೆ ಕೈಯಿಟ್ಟು ಗಟ್ಟಿ ಮಾಡುವುದೂ ಉಂಟು. ಅಂತಹುದು ಎರಡು ಮೂರು ವಾರಗಳವರೆಗೂ ಜಗ್ಗುವುದಿಲ್ಲ.

ಆ ಹೊಳಪಿನಲ್ಲಿ ಚಿನ್ನವೇನೂ ಇಲ್ಲ. ನಿರ್ವಾತದಲ್ಲಿ ಅಲ್ಯೂಮಿನಿಯಮ್ಮನ್ನು ಆವಿಯಾಗಿಸಿ ಹಾಳೆಯ ಮೇಲೆ ಕೂರಿಸಿರುತ್ತಾರೆ. ಅದರ ಮೇಲೆ ಹಳದಿ ವಾರ್ನಿಷ್ ಇದ್ದರೆ ಚಿನ್ನವಾಗಿ ಕಾಣುತ್ತದೆ, ಇಲ್ಲದಿದ್ದರೆ ಬೆಳ್ಳಿ. ಲೋಹದ ಈ ಪದರ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ತೆಳುವಾದದ್ದು. "ಇಷ್ಟು ತೆಳುವಾದದ್ದು ಏನು ಅಡ್ಡಿ ಮಾಡೀತು?" ಎಂದು ಹಲವರು ಕೇಳುವುದೂ ಇದರಿಂದಲೇ.

ಅಲಂಕಾರವೇ ತಪ್ಪೆಂದು ಹೇಳುವುದು ನನ್ನ ಉದ್ದೇಶವಲ್ಲ. ಹಾವೇರಿಯ ಏಲಕ್ಕಿ ಹಾರವನ್ನು ನೋಡಿರಿ. ಏಲಕ್ಕಿಗೆ ಜರಿ, ಮಣಿ ಸೇರಿಸಿ ಅದನ್ನು ಕಟ್ಟುತ್ತಾ ಬಂದಿರುವವರು ಪಟವೇಗಾರ ಮನೆತನದ ಮುಸ್ಲಿಮರು. ಹೊಳಪನ್ನು ಹೇಗೆ ಕಟ್ಟಬೇಕೆಂದು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ತ್ರೀಯರಿಗೆ ನಿಜವಾದ ಚಿನ್ನವನ್ನೇ ಅನುಮತಿಸಿರುವ ಶರೀಅತ್ ಚಿನ್ನದ ಬಣ್ಣದ ಹಾಳೆಯನ್ನು ಕಂಡು ಹೆದರುವುದಿಲ್ಲ. ಪರದೆಯ ಹಿಂದಿನಿಂದ ಪತ್ರವೊಂದನ್ನು ಚಾಚಿದ ಸ್ತ್ರೀಯ ಕೈಯನ್ನು ಕಂಡು ಪ್ರವಾದಿವರ್ಯರು(ಸ) ಅವಳ ಉಗುರಿಗೆ ಮೆಹಂದಿಯ ಬಣ್ಣವಿರಬಹುದಿತ್ತೆಂದು ಸೂಚಿಸಿದ ವರದಿಯೊಂದು ಹ. ಆಯಿಶಾ(ರ)ರಿಂದ ಅಬೂದಾವೂದ್‌ನಲ್ಲಿದೆ. ಅದರ ಸನದ್ ದುರ್ಬಲವೆಂದು ಹದೀಸ್ ವಿದ್ವಾಂಸರಲ್ಲಿ ಹಲವರು ಹೇಳಿದ್ದಾರೆ, ಆದುದರಿಂದ ಅದರ ಮೇಲೆ ಹೆಚ್ಚಿನ ಭಾರ ಹೇರಬಾರದು. ಆದರೆ ಮೆಹಂದಿ ಹಚ್ಚಿದ ಕೈ ಮುಸ್ಲಿಮ್ ಮನೆಗಳಲ್ಲಿ ಎಂದೂ ಅಪರಿಚಿತವಾಗಿರಲಿಲ್ಲ. ಪ್ರಶ್ನೆ ಇರುವುದು ಸೌಂದರ್ಯದ್ದಲ್ಲ, ನೀರಿನದು.

ಸೂರಃ ಅಲ್ ಮಾಇದಃದ 6ನೆಯ ಸೂಕ್ತದಲ್ಲಿ ಅಲ್ಲಾಹನು ನಮಾಝ್‌ಗೆ ನಿಲ್ಲುವವರಿಗೆ ಮುಖವನ್ನೂ ಮೊಣಕೈಗಳ ವರೆಗೆ ಕೈಗಳನ್ನೂ ತೊಳೆಯಲು, ತಲೆಯನ್ನು ಸವರಲು, ಹರಡುಗಳ ವರೆಗೆ ಪಾದಗಳನ್ನು ತೊಳೆಯಲು ಆದೇಶಿಸಿದ್ದಾನೆ. ಉಗುರು ಕೈಯ ಭಾಗವೇ ಆಗಿದೆ. ತೊಳೆಯುವುದೆಂದರೆ ಅದರ ಮೇಲೆ ನೀರು ಹರಿಯಬೇಕು. ಒಬ್ಬ ವ್ಯಕ್ತಿ ವುಝೂ ಮಾಡುವಾಗ ಪಾದದಲ್ಲಿ ಉಗುರಿನಷ್ಟು ಜಾಗ ಒಣಗಿ ಉಳಿದುದನ್ನು ಕಂಡ ಪ್ರವಾದಿವರ್ಯರು(ಸ) ಮರಳಿ ಹೋಗಿ ಸರಿಯಾಗಿ ವುಝೂ ಮಾಡುವಂತೆ ಹೇಳಿದರೆಂದು ಹ. ಉಮರ್(ರ)ರಿಂದ ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಅಳತೆಯನ್ನು ಗಮನಿಸಿರಿ: ಉಗುರಿನಷ್ಟು. ಇನ್ನೊಂದು ಸಂದರ್ಭದಲ್ಲಿ, ಪ್ರಯಾಣದಲ್ಲಿ ಅಸರ್‌ನ ಸಮಯ ಮೀರುತ್ತಿದೆಯೆಂದು ಸಹಾಬಿಗಳು ಅವಸರದಲ್ಲಿ ಕಾಲುಗಳನ್ನು ಸವರಿಕೊಳ್ಳುತ್ತಿದ್ದಾಗ, ಒಣಗಿ ಉಳಿಯುವ ಹಿಮ್ಮಡಿಗಳ ಬಗ್ಗೆ ಅವರು ಎತ್ತರದ ಸ್ವರದಲ್ಲಿ ಎಚ್ಚರಿಸಿದರೆಂದು ಬುಖಾರಿಯಲ್ಲಿದೆ. ಅವರಿಗೆ ಅವಸರವಿತ್ತು, ಉದ್ದೇಶವೂ ಒಳ್ಳೆಯದಾಗಿತ್ತು. ಆದರೂ ನೀರು ಮುಟ್ಟದ ಜಾಗ ಮುಟ್ಟದ ಜಾಗವಾಗಿಯೇ ಉಳಿಯಿತು.

ಹಾಗಾದರೆ ಕೈಗೆ ಹತ್ತಿದ್ದೆಲ್ಲವೂ ಅಡ್ಡಿಯೇ? ಅಲ್ಲ. ಇಲ್ಲಿ ನಮ್ಮ ಧರ್ಮಶಾಸ್ತ್ರ ವಿದ್ವಾಂಸರು ಅಡುಗೆಮನೆಯೊಳಗೇ ಇಳಿದು ಯೋಚಿಸಿದ್ದಾರೆಂಬುದು ನನಗೆ ಸದಾ ಸಂತೋಷ ಕೊಡುವ ವಿಷಯ. ನಮ್ಮ ಕಡೆಯ ಹೆಚ್ಚಿನ ಮುಸ್ಲಿಮರು ಅನುಸರಿಸುವ ಹನಫಿ ಮದ್‌ಹಬ್‌ನ ದುರ್ರುಲ್ ಮುಖ್ತಾರ್ ಗ್ರಂಥವೂ ಅದಕ್ಕೆ ದಮಾಸ್ಕಸ್‌ನ ಇಬ್ನು ಆಬಿದೀನ್ ಬರೆದ ವಿವರಣೆಯೂ ಈ ಸಣ್ಣಪುಟ್ಟ ಸಂಗತಿಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತವೆ. ಉಗುರಿನ ಸಂದಿಯ ಮಣ್ಣು, ಮೈಯ ಕೊಳೆ, ಬಟ್ಟೆಗೆ ಬಣ್ಣ ಹಾಕುವವನ ಉಗುರಿನ ಮೇಲಿನ ಬಣ್ಣ, ಮೆಹಂದಿ - ಇವು ವುಝೂವಿಗೆ ಅಡ್ಡಿಯಲ್ಲ. ಆದರೆ ಒಣಗಿದ ಹಿಟ್ಟು ಹಾಗಲ್ಲ, ಅದು ನೀರನ್ನು ತಡೆಯುತ್ತದೆ. ಜೋಳದ ರೊಟ್ಟಿ ಬಡಿಯುವ ಸಹೋದರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಡಿದು ಮುಗಿಸಿದ ಮೇಲೆ ಉಗುರಿನ ಬದಿಯಲ್ಲಿ ಹಿಟ್ಟು ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ನೀರು ಅದರ ಮೇಲಿಂದ ಜಾರಿಹೋಗುತ್ತದೆ, ಕೆಳಗೆ ಇಳಿಯುವುದಿಲ್ಲ. ಅದನ್ನು ನೆನೆಸಿ ಬಿಡಿಸಿಯೇ ವುಝೂ ಮಾಡಬೇಕು. ಭಟ್ಕಳ ಮತ್ತು ಕರಾವಳಿಯ ನಮ್ಮ ಶಾಫಿಈ ಬಂಧುಗಳು ಅನುಸರಿಸುವ ಇಮಾಮ್ ನವವಿಯವರ ಮಾತು ಇನ್ನಷ್ಟು ಬಿಗಿಯಾಗಿದೆ. ಮೇಣವಾಗಲಿ, ಹಿಟ್ಟಾಗಲಿ, ಮೆಹಂದಿಯ ರಾಡಿಯೇ ಆಗಲಿ, ನೀರನ್ನು ತಡೆಯುವಂತೆ ಕುಳಿತಿದ್ದರೆ ಶುದ್ಧಿಯಾಗುವುದಿಲ್ಲ. ರಾಡಿ ಹೋಗಿ ಬಣ್ಣ ಮಾತ್ರ ಉಳಿದಿದ್ದರೆ ತೊಂದರೆಯಿಲ್ಲ.

ಈಗ ಆ ತಾಯಿಯ ಕೈಗೆ ಬರೋಣ. ಬ್ಯಾಡಗಿ ಕಾಯಿ ಖಾರಕ್ಕಿಂತ ಬಣ್ಣಕ್ಕೇ ಹೆಸರಾದದ್ದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಆ ಬಣ್ಣ ಚರ್ಮದೊಳಗೆ, ಉಗುರಿನೊಳಗೆ ಇಳಿಯುತ್ತದೆ. ಮೇಲೆ ಕೆರೆದರೆ ಏನೂ ಏಳುವುದಿಲ್ಲ. ಮೆಹಂದಿಯದೂ ಹೀಗೆಯೇ. ಎಲೆಯಲ್ಲಿರುವ ಬಣ್ಣ ಉಗುರಿನ ವಸ್ತುವಿನೊಡನೆಯೇ ಕೂಡಿಕೊಂಡು, ಉಗುರು ಬೆಳೆದಂತೆ ತುದಿಗೆ ಸರಿದು, ಕೊನೆಗೆ ಕತ್ತರಿಸಿದಾಗ ಹೋಗುತ್ತದೆ. ರಾಣೇಬೆನ್ನೂರಿನ ಸುತ್ತಲಿನ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ಮಾಡುವ ಹೆಣ್ಣುಮಕ್ಕಳದೂ ಇದೇ ಮಾತು. ಹತ್ತಿಯ ಮೊಗ್ಗನ್ನು ಹೆಬ್ಬೆರಳಿನ ಉಗುರಿನಿಂದ ಸೀಳಿ ಗಂಡು ಕೇಸರವನ್ನು ಕಿತ್ತುಹಾಕಬೇಕು. 1972ರಲ್ಲಿ ಧಾರವಾಡದಲ್ಲಿ ಡಾ. ಕಟರ್ಕಿಯವರು ವರಲಕ್ಷ್ಮಿ ಹತ್ತಿಯನ್ನು ಹೊರತಂದ ಕಾಲದಿಂದಲೂ ಹೈಬ್ರಿಡ್ ಹತ್ತಿಬೀಜವೆಂಬುದು ಹೆಣ್ಣುಮಕ್ಕಳ ಉಗುರಿನ ದುಡಿಮೆಯೇ ಆಗಿದೆ. ಗಿಡದ ಹಸಿರು ಕಪ್ಪಾಗಿ ಉಗುರಿಗೆ ಹಿಡಿದರೆ ಅದು ಕಲೆ, ಪದರವಲ್ಲ. ಇಂತಹ ಕೈಗಳವರು ಸಂದೇಹಕ್ಕೆ ಬಿದ್ದು ಚರ್ಮ ಸುಲಿಯುವಂತೆ ತಿಕ್ಕಿಕೊಳ್ಳಬೇಕಾಗಿಲ್ಲ. ಕಾಯಿಯ ಸಿಪ್ಪೆಯ ಚೂರು, ಗಿಡದ ಅಂಟು ಗಡ್ಡೆಯಾಗಿ ಕುಳಿತಿದ್ದರೆ ತೆಗೆಯಬೇಕು, ಅಷ್ಟೇ.

(ಇದರ ನಡುವೆ ಒಂದು ವಿಚಿತ್ರವೂ ಇದೆ. ಬ್ಯಾಡಗಿ ಕಾಯಿಯಿಂದ ತೆಗೆದ ಬಣ್ಣದ ಎಣ್ಣೆ ಲಿಪ್‌ಸ್ಟಿಕ್ ಮತ್ತು ನೇಲ್ ಪಾಲಿಶ್ ತಯಾರಿಗೂ ಹೋಗುತ್ತದೆಂದು ಪೇಟೆಯವರು ಹೇಳುತ್ತಾರೆ. ತಾಯಿಯ ಉಗುರಿಗೆ ಪುಕ್ಕಟೆಯಾಗಿ ಹತ್ತಿದ್ದು ಮಗಳಿಗೆ ಬಾಟಲಿಯಲ್ಲಿ ಮಾರಾಟವಾಗುತ್ತದೆಂದಾಯಿತು!)

ಮಗಳ ಉಗುರಿನದು ಬೇರೆ ಮಾತು. ಅಲ್ಲಿ ಪಾಲಿಶ್, ಅಂಟು ಅಥವಾ ಜೆಲ್, ಲೋಹದ ಹೊಳಪು, ಮೇಲಿನ ಲೇಪ ಎಂದು ಪದರದ ಮೇಲೆ ಪದರವಿದೆ. ಕೆರೆದರೆ ಸಿಪ್ಪೆಯಂತೆ ಏಳುತ್ತದೆ. ತೆಳುವಾಗಿದೆಯೆಂಬ ವಾದ ನಿಲ್ಲುವುದಿಲ್ಲ, ಏಕೆಂದರೆ ಶರೀಅತ್ ಕೇಳುವುದು ದಪ್ಪವನ್ನಲ್ಲ, ನೀರು ಮುಟ್ಟಿತೇ ಎಂಬುದನ್ನು.

ಕೆಲವು ವರ್ಷಗಳಿಂದ ಇನ್ನೊಂದು ವಾದ ಬಂದಿದೆ. "ಉಸಿರಾಡುವ" ನೇಲ್ ಪಾಲಿಶ್ ಇದೆ, ಅದು ನೀರನ್ನು ಒಳಬಿಡುತ್ತದೆ, ಅದರ ಮೇಲೆ ಫಾಯಿಲ್ ಹಚ್ಚಿದರೆ ವುಝೂವಿಗೆ ಅಡ್ಡಿಯಿಲ್ಲ ಎಂದು. ಪೋಲೆಂಡಿನ ಒಂದು ಕಂಪೆನಿಯ ಇಂತಹ ಪಾಲಿಶ್ 2013ರ ಸುಮಾರಿಗೆ ಲೋಕದಾದ್ಯಂತ ಮುಸ್ಲಿಮ್ ಸ್ತ್ರೀಯರಲ್ಲಿ ಚರ್ಚೆಗೆ ಬಂದಿತ್ತು. ಅದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆವಿ ದಾಟುವುದು ಬೇರೆ, ಕೈಗೆ ಸುರಿದ ನೀರು ಆ ಕ್ಷಣದಲ್ಲಿ ಉಗುರನ್ನು ತಲಪುವುದು ಬೇರೆ ಎಂಬುದು ಅನೇಕರ ಆಕ್ಷೇಪ. ನನಗೂ ಆ ಆಕ್ಷೇಪವೇ ಸರಿಯೆನಿಸುತ್ತದೆ. ಆದರೆ ಫಾಯಿಲಿನ ವಿಷಯದಲ್ಲಿ ಆ ಚರ್ಚೆಯೇ ಬೇಕಾಗಿಲ್ಲ. ಮಕ್ಕಳು ತಿನ್ನುವ ಚಿಪ್ಸ್ ಪೊಟ್ಟಣದ ಒಳಮೈ ಬೆಳ್ಳಿಯಂತೆ ಹೊಳೆಯುವುದನ್ನು ನೋಡಿದ್ದೀರಿ. ಅದೂ ಪ್ಲಾಸ್ಟಿಕ್ಕಿನ ಮೇಲೆ ಆವಿಯಿಂದ ಕೂರಿಸಿದ ಅಲ್ಯೂಮಿನಿಯಮ್ಮೇ. ಚಿಪ್ಸ್ ಮೆತ್ತಗಾಗದಂತೆ ಹೊರಗಿನ ತೇವವನ್ನು ತಡೆಯಲಿಕ್ಕಾಗಿಯೇ ಅದನ್ನು ಅಲ್ಲಿ ಹಾಕುತ್ತಾರೆ. ಗಾಳಿಯ ತೇವವನ್ನೇ ತಡೆಯಲು ಆರಿಸಿದ ವಸ್ತುವನ್ನು ಉಗುರಿನ ಮೇಲೆ ಕೂರಿಸಿ, ಅಡಿಯ ಪಾಲಿಶ್ ಉಸಿರಾಡುತ್ತದೆಂದು ಸಮಾಧಾನಪಟ್ಟುಕೊಂಡರೆ ಏನು ಬಂತು?

"ವುಝೂ ಮಾಡಿಯೇ ಹಚ್ಚಿಕೊಂಡಿದ್ದೇನೆ, ಕಾಲುಚೀಲದ ಮೇಲೆ ಸವರುವಂತೆ ಇದರ ಮೇಲೆಯೂ ಸವರಬಹುದಲ್ಲ?" ಎಂದೂ ಕೇಳುತ್ತಾರೆ. ಚರ್ಮದ ಕಾಲುಚೀಲದ ರಿಯಾಯಿತಿ ಪಾದಕ್ಕೆ ಮಾತ್ರ, ಅದೂ ನಿಗದಿತ ಅವಧಿಗೆ. ಕೈಗೆ ಅಂತಹ ರಿಯಾಯಿತಿಯಿಲ್ಲ. ಗಾಯದ ಪಟ್ಟಿಯ ಮೇಲೆ ಸವರುವುದು ಅನಿವಾರ್ಯತೆಗೆ, ಅಲಂಕಾರಕ್ಕಲ್ಲ. ಆದರೆ ವುಝೂ ಇರುವಾಗ ಹಚ್ಚಿಕೊಂಡರೆ ಆ ವುಝೂ ಮುರಿಯುವ ತನಕದ ನಮಾಝ್ ಸರಿಯಾಗುತ್ತದೆಂಬುದು ನಿಜ. ತೊಂದರೆ ಆರಂಭವಾಗುವುದು ಮುಂದಿನ ವುಝೂವಿನಿಂದ. ಸ್ನಾನದ ವಿಷಯ ಇನ್ನೂ ಗಂಭೀರ. ಮುಟ್ಟಿನ ದಿನಗಳಲ್ಲಿ ನಮಾಝ್ ಇಲ್ಲವೆಂದು ಹಚ್ಚಿಕೊಳ್ಳುವವರಿದ್ದಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಶುದ್ಧಿಯ ಸ್ನಾನಕ್ಕೆ ಮುಂಚೆ ತೆಗೆಯದಿದ್ದರೆ ಆ ಸ್ನಾನವೇ ಅಪೂರ್ಣವಾಗುತ್ತದೆ, ಅದರ ಮೇಲಿನ ನಮಾಝ್‌ಗಳೆಲ್ಲವೂ ತೂಗಾಡುತ್ತವೆ.

ಹೆಚ್ಚಿನ ನಷ್ಟವಾಗುವುದು ಮದುವೆಯ ಮನೆಗಳಲ್ಲಿ. ನಿಕಾಹ್‌ನ ಎರಡು ದಿನ ಮುಂಚೆ ಪಾರ್ಲರಿನಲ್ಲಿ ವಧುವಿನ ಉಗುರಿಗೆ ಜೆಲ್ ಮತ್ತು ಫಾಯಿಲ್ ಹಚ್ಚಿಸುತ್ತಾರೆ. ವಲೀಮಾ ಮುಗಿಯುವ ತನಕ ಹೋಗಬಾರದಲ್ಲ! ಐದು ಹೊತ್ತಿನ ನಮಾಝ್ ಬಿಡದ ಹುಡುಗಿ ತನ್ನ ಬದುಕಿನ ಅತ್ಯಂತ ದೊಡ್ಡ ದಿನಗಳಲ್ಲೇ ನಮಾಝ್ ಬಿಡುತ್ತಾಳೆ. ಅಥವಾ ಮನಸ್ಸಿನಲ್ಲಿ ಮುಳ್ಳಿಟ್ಟುಕೊಂಡು ಮಾಡುತ್ತಾಳೆ. ಮನೆ ತುಂಬ ಹಿರಿಯರಿದ್ದರೂ ಯಾರೂ ಕೇಳುವುದಿಲ್ಲ. ಕೇಳಿದರೂ "ಛೇ, ಏನಿದು ಉಗುರು!" ಎಂಬ ಬೈಗಳ ರೂಪದಲ್ಲಿ ಕೇಳುತ್ತಾರೆ. ಬೈದರೆ ಕೈ ದುಪಟ್ಟಾದೊಳಗೆ ಹೋಗುತ್ತದೆಯೇ ಹೊರತು ಉಗುರು ತೊಳೆಯಲ್ಪಡುವುದಿಲ್ಲ. ಪಾರ್ಲರ್ ನಡೆಸಿ ಮನೆ ಸಾಗಿಸುವ ನಮ್ಮ ಸಹೋದರಿಯರೂ ಈ ಮೂರು ಊರುಗಳಲ್ಲಿದ್ದಾರೆ. ಅವರನ್ನು ದೂರುವುದೂ ಸರಿಯಲ್ಲ. ಗಿರಾಕಿಗೆ "ಇದರ ಮೇಲೆ ವುಝೂ ಆಗುವುದಿಲ್ಲ, ತೆಗೆಯುವುದು ಹೀಗೆ" ಎಂದು ಒಂದು ಮಾತು ಹೇಳಿದರೆ ಅವರ ವ್ಯಾಪಾರಕ್ಕೆ ನಷ್ಟವೇನೂ ಆಗದು.

ಹಾವೇರಿಯಲ್ಲಿ ಒಮ್ಮೆ, ಅಪಘಾತದಲ್ಲಿ ತೀರಿಕೊಂಡ ಯುವತಿಯ ಮಯ್ಯಿತ್‌ಗೆ ಸ್ನಾನ ಮಾಡಿಸಲು ಕರೆ ಬಂದಿತ್ತು. ಎರಡು ದಿನದ ಹಿಂದಷ್ಟೇ ಯಾರದೋ ಮದುವೆಗೆ ಹೋಗಿ ಬಂದವಳು. ಕೈಯ ಉಗುರುಗಳ ಮೇಲೆ ಬೆಳ್ಳಿಯ ಫಾಯಿಲ್. ರಾತ್ರಿ ಹನ್ನೊಂದರ ಹೊತ್ತು, ಅಂಗಡಿಗಳೆಲ್ಲ ಮುಚ್ಚಿದ್ದವು. ಅವಳ ತಮ್ಮ ರಿಮೂವರ್ ಬಾಟಲಿಗಾಗಿ ಮನೆಮನೆ ಅಲೆದು ಬಂದ. ನಾವು ಮೂವರು ಹೆಂಗಸರು ಒಂದೊಂದೇ ಬೆರಳನ್ನು ಹಿಡಿದು, ನೋಯಿಸಬಾರದೆಂಬಂತೆ ಮೆಲ್ಲಗೆ ಒರೆಸಿದೆವು. ಹೊರಗೆ ಜನಾಝಃಕ್ಕೆ ಜನ ಕಾದಿದ್ದರು. ಆ ತಾಯಿ ಬಾಗಿಲ ಬಳಿ ನಿಂತು "ಮೆಲ್ಲಕ ತಗೀರಿ, ಆಕೀಗೆ ಅದು ಭಾಳ ಸೇರತಿತ್ತು" ಎಂದರು. ಅವಳನ್ನು ತಪ್ಪಿತಸ್ಥಳೆಂದು ತೋರಿಸಲು ಇದನ್ನು ಹೇಳುತ್ತಿಲ್ಲ, ಅಲ್ಲಾಹನು ಅವಳನ್ನು ಕರುಣಿಸಲಿ. ಆ ಮನೆಯವರಿಗೆ ಆ ರಾತ್ರಿ ಅದೊಂದು ಹೆಚ್ಚಿನ ನೋವಾಯಿತು.

ಇನ್ನು ತೆಗೆಯುವ ಮಾತು. ಅಂಟಿನಿಂದ ಹಚ್ಚಿದ್ದಾದರೆ ಹತ್ತಿಗೆ ರಿಮೂವರ್ ನೆನೆಸಿ ಉಗುರಿನ ಮೇಲೆ ಒಂದು ನಿಮಿಷ ಒತ್ತಿಹಿಡಿದು ನಂತರ ಒರೆಸಬೇಕು. ಹೊಳಪು ಹೋದ ಕೂಡಲೇ ಮುಗಿಯಿತೆಂದು ತಿಳಿಯಬೇಡಿರಿ. ರಬ್ಬರಿನಂತಹ ಅಂಟಿನ ಪೊರೆ, ವಿಶೇಷವಾಗಿ ಉಗುರಿನ ಬುಡದಲ್ಲಿ ಮತ್ತು ಅಂಚುಗಳಲ್ಲಿ, ಕಣ್ಣಿಗೆ ಕಾಣದೆ ಉಳಿಯುತ್ತದೆ. ಒಣ ಬೆರಳಿನಿಂದ ಸವರಿ ನೋಡಿದರೆ ಜಿಗುಟು ತಿಳಿಯುತ್ತದೆ. ಜೆಲ್ ಆದರೆ ಮೇಲ್ಪದರವನ್ನು ಅರದಿಂದ ಸ್ವಲ್ಪ ಉಜ್ಜಿ, ಅಸಿಟೋನ್ ನೆನೆಸಿದ ಹತ್ತಿಯನ್ನು ಉಗುರಿಗಿಟ್ಟು, ಅಡುಗೆಮನೆಯ ಅಲ್ಯೂಮಿನಿಯಮ್ ಹಾಳೆಯಿಂದ ಸುತ್ತಿ ಹತ್ತು ಹದಿನೈದು ನಿಮಿಷ ಬಿಡಬೇಕು. ಮೆತ್ತಗಾದ ಮೇಲೆ ನೂಕಿದರೆ ಬರುತ್ತದೆ. ಒಣಗಿದ್ದಾಗಲೇ ಕಿತ್ತರೆ ಉಗುರಿನ ಮೇಲ್ಪದರವೇ ಕಿತ್ತುಬರುತ್ತದೆ. ಅಸಿಟೋನ್‌ಗೆ ಬೆಂಕಿ ಬೇಗ ಹಿಡಿಯುತ್ತದೆ, ಒಲೆಯ ಹತ್ತಿರ ಕುಳಿತು ಮಾಡಬಾರದು.

ಮದುವೆಯಲ್ಲಿ ಫಾಯಿಲ್ ಬೇಕೇಬೇಕೆನ್ನುವವರಿಗೆ ಒಂದು ಉಪಾಯ ಹೇಳುತ್ತೇನೆ. ಅಡಿಗೆ ಸಿಪ್ಪೆಯಂತೆ ಏಳುವ ಪೀಲ್ ಆಫ್ ಲೇಪವನ್ನು ಹಚ್ಚಿ ಅದರ ಮೇಲೆ ಫಾಯಿಲ್ ಕೂರಿಸಿದರೆ ನಮಾಝ್‌ನ ಹೊತ್ತಿಗೆ ಇಡೀ ಪದರವನ್ನು ಒಂದೇ ಸಲ ಎಬ್ಬಿಸಬಹುದು. ಮತ್ತೆ ಹಚ್ಚಬೇಕಾಗುತ್ತದೆ ನಿಜ. ಮೆಹಂದಿಗಾದರೆ ಆ ಗೊಡವೆಯೇ ಇಲ್ಲ. ಉಗುರನ್ನು ಉದ್ದ ಬಿಟ್ಟು ಜೆಲ್ಲಿನ ಮೇಲೆ ಜೆಲ್ ಹಚ್ಚಿಸುತ್ತಾ ಹೋಗುವವರು ನಲ್ವತ್ತು ದಿನಗಳ ಮಿತಿಯನ್ನೂ ನೆನಪಿಟ್ಟುಕೊಳ್ಳಬೇಕು. ಉಗುರು ಕತ್ತರಿಸಲು ಅದಕ್ಕಿಂತ ಹೆಚ್ಚು ತಡಮಾಡಬಾರದೆಂದು ಹ. ಅನಸ್(ರ)ರಿಂದ ಸಹೀಹ್ ಮುಸ್ಲಿಮ್‌ನಲ್ಲಿದೆ.

ಆ ಮಗಳು ಮರುವಾರ ತರಗತಿ ಮುಗಿದ ಮೇಲೆ ಹಿಂದೆ ಉಳಿದಳು. ಉಗುರು ಬರಿದಾಗಿತ್ತು. "ಆಪಾ, ನಾನs ತೆಗೆದೆ. ಆದರ ಅದರ ಮ್ಯಾಲ ಮಾಡಿದ ನಮಾಝ್‌ಗಳು?" ಎಂದು ಕೇಳಿದಳು. ಅವನ್ನು ಮರಳಿ ಮಾಡಬೇಕೆಂದು ಹನಫಿ ವಿದ್ವಾಂಸರು ಹೇಳುತ್ತಾರೆಂದೆ. ಕುಳಿತು ಲೆಕ್ಕ ಹಾಕಿದೆವು. ಉಗುರಿನ ಮೇಲೆ ಅದು ಇದ್ದದ್ದು 11 ದಿನ. ಅದರಲ್ಲಿ ಕೊನೆಯ 5 ದಿನ ಮುಟ್ಟಿನ ದಿನಗಳು, ಅವುಗಳಿಗೆ ಕಝಾ ಇಲ್ಲ, ಸ್ನಾನಕ್ಕೆ ಮುಂಚೆ ತೆಗೆದಿದ್ದಳು. ಉಳಿದ 6 ದಿನಗಳಿಗೆ 30 ಫರ್ಝ್. ಹಚ್ಚಿಸಿಕೊಂಡ ದಿನದ ಅಸರನ್ನು ಮೊದಲಿನ ವುಝೂವಿನಲ್ಲೇ ಮಾಡಿದ್ದಳು, ಅದನ್ನು ಕಳೆದರೆ 29. ಇಶಾದ ಜೊತೆಗೆ ವಿತ್ರ್ 6. ಸುನ್ನತ್‌ಗಳನ್ನು ಮರಳಿ ಮಾಡಬೇಕಾಗಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅಷ್ಟೂ ಗೀಟುಗಳನ್ನು ಎಳೆದುಕೊಂಡಳು. ಪ್ರತಿಯೊಂದು ಹೊತ್ತಿನ ನಮಾಝ್‌ನೊಡನೆ ಒಂದೊಂದನ್ನು ಸೇರಿಸಿ ಮಾಡಿ ಹೊಡೆದುಹಾಕುತ್ತಾ ಹೋದರೆ ಏಳು ದಿನಗಳಲ್ಲಿ ಮುಗಿಯುತ್ತದೆಂದು ಅವಳೇ ಹೇಳಿದಳು.